ಕಡಸುಗಳು ದಿನಕ್ಕೆ 1 ಕೆಜಿ ಏರ್ತಿವೆ, ಆದ್ರೂ ಡಾಕ್ಟ್ರು ಬೈದು ಹೋದ್ರು. ತಪ್ಪೆಲ್ಲಿ ಆಗಿದೆ?

ಹೊಸಗೋದಲಿ:
ಎಲ್ರಿಗೂ ನಮಸ್ಕಾರ. ಇದು ಬೀಫ್ ತಳಿ ಕಡಸುಗಳ ವಿಷ್ಯ, ಫೀಡ್‌ಲಾಟ್‌ನಲ್ಲಿ (ಗೋದಲಿಗೆ ಮೇವು ತಂದು ಹಾಕೋ ದೊಡ್ಡಿ) ಕಟ್ಟದೆ ಬಿಟ್ಟು ಮೇಯಿಸೋದು, ದಯವಿಟ್ಟು ಡೈರಿ ಲೆಕ್ಕ ಹೇಳ್ಬೇಡಿ. ಹಾಲು ಬಿಡಿಸಿದ್ಮೇಲೆ 64 ಕಡಸು ತಂದೆ, ಆಗ ಸುಮಾರು 8 ತಿಂಗಳು, ಆವರೇಜ್ 230 ಕೆಜಿ. ಹೋದ ವಾರಕ್ಕೆ 110 ದಿನ ಆಯ್ತು, ಆಗ ತೂಕ ಹಾಕಿದ್ರೆ ಆವರೇಜ್ 340. ಅಂದ್ರೆ ದಿನಕ್ಕೆ ಸರಿಯಾಗಿ 1 ಕೆಜಿ. ನಾನಂತೂ ಫುಲ್ ಖುಷಿಯಲ್ಲಿದ್ದೆ.

ಮೇವು ಅಂದ್ರೆ ಮೆಕ್ಕೆಜೋಳದ ಸೈಲೇಜ್ (ಹುದುಗಿಸಿದ ಹಸಿಮೇವು), ನುಚ್ಚು ಮಾಡಿದ ಮೆಕ್ಕೆಜೋಳ, ಡಿಸ್ಟಿಲರ್ಸ್ ಗ್ರೇನ್ (ಮದ್ಯ ತೆಗೆದ ಮೇಲೆ ಉಳಿಯೋ ಧಾನ್ಯ), ಒಂದಿಷ್ಟು ಒಣಹುಲ್ಲು, ಮಿನರಲ್ ಮಿಕ್ಸ್. ಬೆಳಿಗ್ಗೆ ಒಂದೇ ಸಲ ಹಾಕ್ತೀನಿ, ಮಧ್ಯಾಹ್ನದ ಹೊತ್ತಿಗೆ ಗೋದಲಿ ಖಾಲಿ. ಗೋದಲಿ ಉದ್ದ 18 ಮೀಟರ್, ಎಲ್ಲಾ 64 ಒಂದೇ ಪೆನ್‌ನಲ್ಲಿ. ನನ್ನ ಪ್ಲಾನ್ ಏನಂದ್ರೆ ಒಳ್ಳೇ 20 ಆರಿಸಿ ತಾಯಿ ಹಸು ಮಾಡ್ಕೊಳೋದು, ಮಿಕ್ಕ 44 ಮಾಂಸಕ್ಕೆ. ಮೊನ್ನೆ ಡಾಕ್ಟ್ರು ಬಂದವರು ಬಾಲದ ಬುಡ ಒತ್ತಿ ನೋಡಿ, ಗಂಗೆದೊಗಲು ಹಿಡಿದು ನೋಡಿ, "ಇವನ್ನ ಹಸು ಮಾಡ್ತೀಯೋ ಕೊಬ್ಬಿನ ಮೂಟೆ ಮಾಡ್ತೀಯೋ" ಅಂತ ಬೈದು ಹೋದ್ರು, ಬಿಡಿಸಿ ಹೇಳಲಿಲ್ಲ.

ಇನ್ನೆರಡು ತಲೆನೋವು. ಒಂದು, ಒಂದರ ಮೇಲೊಂದು ಹತ್ತೋದು ಶುರುವಾಗಿದೆ, ಒಂದಕ್ಕೆ ಸೊಂಟದ ಹತ್ರ ಚರ್ಮ ಕಿತ್ತು ಕುಂಟ್ತಾ ಇದೆ. ಎರಡು, ಹತ್ತು ಹನ್ನೆರಡು ಕಡಸು ಬಂದಾಗ ಹೇಗಿದ್ವೋ ಹಾಗೇ ಇವೆ, ಯಾವಾಗ್ಲೂ ಹಿಂದೇನೇ ನಿಂತಿರ್ತವೆ. ಜಂತುಹುಳ ಔಷಧಿ ಆಗಿದೆ. ಏನ್ ಮಾಡ್ಲಿ ಹೇಳಿ.

ಹಳೇಕೈ:
ಡಾಕ್ಟ್ರು ಬೈದಿದ್ದು ಸರಿ ಇದೆ ತಮ್ಮಾ, ಬೇಜಾರ್ ಮಾಡ್ಕೋಬೇಡ. ಮಾಂಸಕ್ಕೆ ಹೋಗೋ ಕಡಸಿಗೂ ಹಸು ಆಗೋ ಕಡಸಿಗೂ ಒಂದೇ ಗೋದಲಿ ಒಂದೇ ಮೇವು ಅಂದ್ರೆ ಎರಡರಲ್ಲಿ ಒಂದು ಕೆಡಲೇಬೇಕು. ನಿನ್ನ 44ಕ್ಕೆ ದಿನಕ್ಕೆ 1 ಕೆಜಿ ಅನ್ನೋದು ಹೆಚ್ಚೇನಲ್ಲ, ಇನ್ನೂ ಏರ್ಬಹುದು. ಆ 20ಕ್ಕೆ ಮಾತ್ರ ಅದು ಡಬಲ್ ಆಯ್ತು.

ಲೆಕ್ಕ ಹಿಂದಿನಿಂದ ಹಾಕ್ಬೇಕು. ಇವುಗಳ ತಾಯಂದಿರು ಪೂರ್ತಿ ಬೆಳೆದ ಮೇಲೆ ಎಷ್ಟು ತೂಗ್ತವೆ ಗೊತ್ತಾ? 560 ಅಂತ ಇಟ್ಕೋ. ಮೊದಲ ಸಲ ಬೀಜ ಹಾಕೋ ಹೊತ್ತಿಗೆ ಅದರ ಶೇ. 60 ರಿಂದ 65, ಈಯೋ ಹೊತ್ತಿಗೆ ಶೇ. 85. ಶೇ. 60 ಅಂದ್ರೆ 336 ಕೆಜಿ. 24 ತಿಂಗಳಿಗೆ ಕರು ಹಾಕ್ಬೇಕು ಅಂದ್ರೆ 14-15 ತಿಂಗಳಿಗೆ ಗಬ್ಬ ನಿಲ್ಬೇಕು. 8 ತಿಂಗಳಲ್ಲಿ 230 ಇದ್ದದ್ದು, ಕೈಲಿ 200 ದಿನ ಇತ್ತು, ಬೇಕಾಗಿದ್ದು 106 ಕೆಜಿ, ಅಂದ್ರೆ ದಿನಕ್ಕೆ ಅರ್ಧ ಕೆಜಿ ಮೇಲೆ ಚೂರು. ನೀನು 110 ದಿನಕ್ಕೇ ಮುಗಿಸಿಬಿಟ್ಟೆ, ಇನ್ನೂ ಮೂರು ತಿಂಗಳು ಬಾಕಿ ಇದೆ. ಮೇವಿನ ದುಡ್ಡು ಹೋಯ್ತು ಅನ್ನೋದು ಒಂದು, ಅದಕ್ಕಿಂತ ಕೆಚ್ಚಲಿನದ್ದು ದೊಡ್ಡದು. ಬೆದೆಗೆ ಬರೋ ಮುಂಚಿನ ತಿಂಗಳುಗಳಲ್ಲಿ ವಿಪರೀತ ತಿನ್ನಿಸಿದ್ರೆ ಹಾಲಿನ ಗ್ರಂಥಿ ಬೆಳೆಯೋ ಜಾಗದಲ್ಲಿ ಕೊಬ್ಬು ಕೂರುತ್ತೆ, ಆಮೇಲೆ ಏನ್ ಮಾಡಿದ್ರೂ ಅದು ಹೋಗಲ್ಲ.

ನಾನೂ ಒಂದು ಸಲ ಹೀಗೇ ಮಾಡಿದ್ದೆ. ನೋಡೋಕೆ ಅಬ್ಬಾ ಅನ್ನೋ ಹಾಗಿದ್ವು, ಬಂದವರೆಲ್ಲ ಫೋಟೋ ತೆಗಿಯೋರು. ಈದ ಮೇಲೆ ಕರುಗಳು ಕೆಚ್ಚಲು ಗುದ್ದಿ ಗುದ್ದಿ ಕುಡಿಯೋವು, ಕುಡಿದು ಮುಗಿದ ಮೇಲೂ ಬಿಡ್ತಿರಲಿಲ್ಲ, ಹೊಟ್ಟೆ ತುಂಬಿದ ಕರು ಹಾಗೆ ಮಾಡಲ್ಲ. ಹಾಲು ಬಿಡಿಸುವಾಗ ತೂಕ ಹಾಕಿದ್ರೆ ಉಳಿದ ಹಸುಗಳ ಕರುಗಳಿಗಿಂತ ಕಮ್ಮಿ. ಅವತ್ತಿಂದ ಫೋಟೋಗೆ ಚೆನ್ನಾಗಿರೋ ಕಡಸು ಕಂಡ್ರೆ ನಂಗೆ ಭಯ.

ಹಾಗಂತ ನಾಳೆಯಿಂದ ಉಪವಾಸ ಕೆಡವಬೇಡ ಮತ್ತೆ! ತೂಕ ಇಳಿದ್ರೆ ಬೆದೆ ನಿಲ್ಲುತ್ತೆ. 20ನ್ನ ಬೇರೆ ಮಾಡು, ದಿನಕ್ಕೆ 400-500 ಗ್ರಾಂ ಏರೋ ಹಾಗೆ ಇಡು, ಬೀಜ ಹಾಕೋ ಹೊತ್ತಿಗೆ 380ರ ಆಸುಪಾಸು ಬರ್ತವೆ, ಶೇ. 67-68, ಅಷ್ಟು ಇದ್ರೂ ನಡೆಯುತ್ತೆ. ಮೆಕ್ಕೆಜೋಳದ ನುಚ್ಚು ಅವಕ್ಕೆ ಬೇಡವೇ ಬೇಡ. ಒಣ ಅಂಶದ (ಮೇವಿನಲ್ಲಿ ನೀರು ಬಿಟ್ಟು ಉಳಿಯೋದು) ಲೆಕ್ಕದಲ್ಲಿ ಸುಮಾರು ಅರ್ಧ ಸೈಲೇಜ್ ಅರ್ಧ ಒಣಹುಲ್ಲು, ಪ್ರೊಟೀನ್‌ಗೆ ಅಂತ ಅರ್ಧ ಮುಕ್ಕಾಲು ಕೆಜಿ ಡಿಸ್ಟಿಲರ್ಸ್, ಒಟ್ಟು ಮೈತೂಕದ ಶೇ. 2 ಒಣ ಅಂಶ ಅಂದ್ರೆ ಸುಮಾರು 7 ಕೆಜಿ. ಈ ತೂಕಕ್ಕೆ ಪ್ರೊಟೀನ್ ಶೇ. 10-11 ಸಾಕು, 230 ಇದ್ದಾಗ 12-13 ಬೇಕಿತ್ತು. ಇಲ್ಲಿಂದ ಶುರು ಮಾಡು, ಆಮೇಲೆ ತಿಂಗಳಿಗೊಮ್ಮೆ ತಕ್ಕಡಿ ಹೇಳಿದ ಹಾಗೆ ಕೇಳು.

ಓಟದಕರು:
ಹತ್ತೋದಕ್ಕೆ ಎಂಜಿಎ ಹಾಕಿ ಸರ್ ಮೇವಿಗೆ, ಎರಡೇ ದಿನ, ಎಲ್ಲಾ ತಣ್ಣಗಾಗ್ತವೆ. 👍

ಗೋದಲಿಕಾವಲು:
ಮೇಲಿನವರು ಮೇವು ಹೇಳಿದ್ರು, ನಾನು ಗೋದಲಿ ಹೇಳ್ತೀನಿ, ಯಾಕಂದ್ರೆ ನಿಮ್ಮ ಆ ಹಿಂದೆ ನಿಲ್ಲೋ ಹನ್ನೆರಡಕ್ಕೆ ರೋಗ ಇಲ್ಲ, ಜಾಗ ಇಲ್ಲ. 18 ಮೀಟರನ್ನ 64ಕ್ಕೆ ಭಾಗಿಸಿ, ಒಂದಕ್ಕೆ 28 ಸೆಂಟಿಮೀಟರ್. ಇಡೀ ದಿನ ಗೋದಲಿಯಲ್ಲಿ ಮೇವು ಇರೋ ಹಾಗಿದ್ರೆ 28 ನಡೆಯುತ್ತೆ, ಪಾಳಿ ಮೇಲೆ ತಿಂತವೆ. ನಿಮ್ಮದು ಮಧ್ಯಾಹ್ನಕ್ಕೆ ಖಾಲಿ. ಹಾಗಿದ್ಮೇಲೆ ಎಲ್ಲಾ ಒಟ್ಟಿಗೇ ತಿನ್ಬೇಕು, ಅದಕ್ಕೆ ತಲೆಗೆ 45 ರಿಂದ 60 ಸೆಂಟಿಮೀಟರ್ ಬೇಕು. ಜೋರಿರೋವು ಮೊದಲ ಒಂದು ಗಂಟೆಯಲ್ಲಿ ನುಚ್ಚು ಡಿಸ್ಟಿಲರ್ಸ್ ಎಲ್ಲಾ ನುಂಗಿ ಹೋಗ್ತವೆ, ಬಡಪಾಯಿಗಳಿಗೆ ಸಿಗೋದು ಸೈಲೇಜಿನ ದಂಟು. ಅಂದ್ರೆ ನೀವು ಹಾಕಿದ ಮೇವು ಒಂದೇ ಆದ್ರೂ ಪೆನ್ ಒಳಗೆ ಎರಡು ಥರ ಊಟ ನಡೀತಿದೆ, ಒಂದು ಗುಂಪಿಗೆ ಕೊಬ್ಬು, ಇನ್ನೊಂದಕ್ಕೆ ಬಡಕಲು. ಆವರೇಜ್ 1 ಕೆಜಿ ಅನ್ನೋದರ ಒಳಗೆ 1.3 ಕೂಡ ಇರುತ್ತೆ ಅರ್ಧ ಕೆಜಿ ಕೂಡ ಇರುತ್ತೆ, ಇಯರ್ ಟ್ಯಾಗ್ ಪ್ರಕಾರ ಒಂದೊಂದೇ ನೋಡಿ.

ಬೆಳಿಗ್ಗೆ ಮೇವು ಹಾಕೋ ಮುಂಚೆ ಹೋಗಿ ಗೋದಲಿ ತಳ ನೋಡೋದು ಅಭ್ಯಾಸ ಮಾಡ್ಕೊಳ್ಳಿ. ನಾಲಗೆಯಲ್ಲಿ ನೆಕ್ಕಿ ನೆಕ್ಕಿ ಕಾಂಕ್ರೀಟ್ ಪಾಲಿಷ್ ಹೊಡೆದ ಹಾಗೆ ಹೊಳೀತಿದೆ, ನೀವು ಬರೋದ್ರೊಳಗೆ ಎಲ್ಲಾ ಬಂದು ಕುತ್ತಿಗೆ ಚಾಚಿ ನಿಂತಿವೆ ಅಂದ್ರೆ ರಾತ್ರಿಯೆಲ್ಲಾ ಹಸಿದಿವೆ. ಅಲ್ಲಲ್ಲಿ ಚೂರು ಪುಡಿ ಮಾತ್ರ ಉಳಿದಿದೆ, ಕಾಲು ಭಾಗ ಎದ್ದು ಬಂದಿವೆ, ಮಿಕ್ಕವು ಮಲಗಿ ಮೆಲುಕು ಹಾಕ್ತಿವೆ ಅಂದ್ರೆ ಮಾಂಸದ ಪೆನ್‌ಗೆ ಅದೇ ಸರಿ. ಹೊಟ್ಟೆಬಾಕತನದಿಂದ ಒಂದೇ ಸಲ ನುಚ್ಚು ತಿಂದ್ರೆ ಆಸಿಡೋಸಿಸ್, ಅಂದ್ರೆ ಹೊಟ್ಟೆಯಲ್ಲಿ ಹುಳಿ ಏರೋದು, ಬರುತ್ತೆ, ಸಗಣಿ ನೋಡಿದ್ರೆ ಗೊತ್ತಾಗುತ್ತೆ, ಬೂದು ಬಣ್ಣ, ತೆಳ್ಳಗೆ, ನೊರೆ ಗುಳ್ಳೆ, ಒಳಗೆ ಕಾಳಿನ ಚೂರು. ಈಗ ಚೆನ್ನಾಗಿವೆ ಅನ್ಸಿದ್ರೂ ತಿಂಗಳು ಕಳೆದ ಮೇಲೆ ಗೊರಸು ನೋವು, ಲಿವರ್ ಬಾವು ಅಂತ ಹೊರಗೆ ಬರುತ್ತೆ.

ಇನ್ನೊಂದು ಮಾತು ಮರೀಬೇಡಿ. ಆ 20ಕ್ಕೆ ಅಳತೆ ಕಟ್ಟಿ ಮೇವು ಹಾಕ್ತೀರಲ್ಲ, ಅಳತೆ ಮೇವಿಗೇ ಗೋದಲಿ ಜಾಗ ಜಾಸ್ತಿ ಬೇಕು, ಎಲ್ಲಾ ಒಟ್ಟಿಗೆ ಬಂದು ನಿಲ್ತವೆ. 60 ಸೆಂಟಿಮೀಟರ್ ಲೆಕ್ಕದಲ್ಲಿ 12 ಮೀಟರ್. ಜನ ಕಮ್ಮಿ ಮೇವು ಅಂತ ಚಿಕ್ಕ ಗೋದಲಿ ಕೊಟ್ಟು ಎಡವುತ್ತಾರೆ. ಸಣ್ಣ 12 ಬೇರೆ ಪೆನ್, ಹಸು ಆಗೋ 20 ಬೇರೆ, ಮಿಕ್ಕ 32 ಈಗಿನ ಗೋದಲಿಗೆ, ಆಗ ಅವಕ್ಕೂ 56 ಬರುತ್ತೆ. ದಿನಾ ಒಂದೇ ಟೈಮಿಗೆ ಹಾಕಿ, ಅರ್ಧ ಗಂಟೆ ಆಚೀಚೆ ಆದ್ರೂ ಅವಕ್ಕೆ ಗೊತ್ತಾಗುತ್ತೆ. ಸಣ್ಣವಕ್ಕೆ ಪಾಪ ಅಂತ ಒಂದೇ ದಿನ ನುಚ್ಚು ಸುರೀಬೇಡಿ, ಮೆಟ್ಟಿಲು ಮೆಟ್ಟಿಲಾಗಿ ಮೂರು ವಾರ ತಗೊಳ್ಳಿ. ಬೇರೆ ಮಾಡೋದನ್ನ ಒಂದೇ ದಿನ ಮಾಡಿ ಮುಗಿಸಿಬಿಡಿ, ವಾರಕ್ಕೊಂದು ಸಲ ಆಚೆ ಈಚೆ ಬದಲಾಯಿಸಿದ್ರೆ ಪ್ರತಿ ಸಲ ಹೊಸದಾಗಿ ಗುದ್ದಾಟ.

ಕೊಟ್ಟಿಗೆಡಾಕ್ಟ್ರು:
ಓಟದಕರು ಅವರೇ, ಎರಡೇ ಸಾಲಲ್ಲಿ ಹಾರ್ಮೋನ್ ಬರೆದುಕೊಟ್ರಲ್ಲ! ಎಂಜಿಎ ಅಂದ್ರೆ ಮೆಲೆಂಜೆಸ್ಟ್ರಾಲ್ ಅಸಿಟೇಟ್, ದಿನಕ್ಕೆ ತಲೆಗೆ ಅರ್ಧ ಮಿಲಿಗ್ರಾಂ ಒಳಗೇ ಕೊಡೋದು, ಬೆದೆ ತಡೆಯುತ್ತೆ, ಮಾಂಸಕ್ಕೆ ಹೋಗೋ ಕಡಸುಗಳಿಗೆ ಅಮೆರಿಕದಲ್ಲಿ ಕೆನಡಾದಲ್ಲಿ ಬಳಕೆ ಇದೆ, ಯುರೋಪ್ ಒಕ್ಕೂಟದಲ್ಲಿ ಬೆಳವಣಿಗೆಗೆ ಹಾರ್ಮೋನ್ ಕೊಡೋದೇ ನಿಷೇಧ. ಆದ್ದರಿಂದ ಅವರಿರೋ ಕಡೆ ಕಾನೂನು ಏನು ಅಂತ ಅವರ ಡಾಕ್ಟ್ರನ್ನ ಕೇಳ್ಬೇಕು. ಆ 20ಕ್ಕೆ ಸುಮ್ನೆ ಹತ್ತೋದು ನಿಲ್ಲಲಿ ಅಂತ ಕೊಡೋ ಪ್ರಶ್ನೆಯೇ ಇಲ್ಲ, ಬೆದೆ ಒಂದೇ ದಿನಕ್ಕೆ ಹೊಂದಿಸೋಕೆ ಅಂತ 14 ದಿನ ಕೊಡೋ ಪದ್ಧತಿ ಬೇರೆ, ಅದು ಡಾಕ್ಟ್ರ ಕೈಲಿ. ಕಿವಿಯಲ್ಲಿ ಹಾಕೋ ಗ್ರೋತ್ ಇಂಪ್ಲಾಂಟ್ (ಬೆಳವಣಿಗೆ ಹಾರ್ಮೋನ್ ಗುಳಿಗೆ) ಕೂಡ ಹಸು ಆಗೋವಕ್ಕೆ ಬೇಡ.

ಹತ್ತೋದು ತೊಂದರೆ ನಿಜ, ಆದ್ರೆ ಆ 20ರಲ್ಲಿ ಅದು ಒಳ್ಳೇ ಸುದ್ದಿ, ಬೆದೆಗೆ ಬರ್ತಿವೆ ಅಂತ. ಜೇಬಲ್ಲಿ ಚಿಕ್ಕ ಪುಸ್ತಕ ಇಟ್ಕೊಳ್ಳಿ, ಯಾವುದು ಮೇಲೆ ಹತ್ತಿದಾಗ ಅಲ್ಲಾಡದೆ ನಿಂತುಕೊಳ್ತೋ ಅದರ ಟ್ಯಾಗ್ ನಂಬರ್, ತಾರೀಖು ಬರೀರಿ. ಹತ್ತಿದ್ದರ ನಂಬರ್ ಅಲ್ಲ, ನಿಂತಿದ್ದರ ನಂಬರ್. ಸುಮಾರು 21 ದಿನಕ್ಕೆ ಮತ್ತೆ ಬಂತು ಅಂದ್ರೆ ಸೈಕಲ್ ಸರಿ ಇದೆ. ಮೊದಲನೇ ಬೆದೆಗೆ ಬೀಜ ಹಾಕಿದ್ದಕ್ಕಿಂತ ಮೂರನೇ ಬೆದೆಗೆ ಹಾಕಿದ್ದು ಚೆನ್ನಾಗಿ ನಿಲ್ಲುತ್ತೆ. 20 ಯಾವುದು ಅಂತ ಆರಿಸುವಾಗ ಅಂದಕ್ಕಿಂತ ಈ ಪುಸ್ತಕ ಕೆಲಸಕ್ಕೆ ಬರುತ್ತೆ.

ಇನ್ನು ಯಾರೂ ಕೇಳದೇ ಇರೋ ಪ್ರಶ್ನೆ. 64ನ್ನೂ ಗಬ್ಬ ಪರೀಕ್ಷೆ ಮಾಡಿಸಿದೀರಾ? 8 ತಿಂಗಳ ತನಕ ತಾಯಿ ಜೊತೆ ಇದ್ವು ಅಂದ್ರೆ ಹೋರಿ ಜೊತೆ, ಕಸಿ ಮಾಡದ ಹೋರಿಕರುಗಳ ಜೊತೆನೂ ಇದ್ವು ಅಂತಾನೇ. ಬೇಗ ಬೆಳೆಯೋ ತಳಿಗಳಲ್ಲಿ ಕೆಲವು ಆ ವಯಸ್ಸಿಗೇ ಗಬ್ಬ ನಿಲ್ತವೆ. ನಾನು ನೋಡಿದ ಒಂದು ಲಾಟ್‌ನಲ್ಲಿ ತೂಕದಲ್ಲಿ ಎಲ್ಲಕ್ಕಿಂತ ಮುಂದೆ ಇದ್ದ ಕಡಸು ಒಂದು ರಾತ್ರಿ ಪೆನ್ ಮೂಲೆಯಲ್ಲಿ ಕರು ಸಿಕ್ಕಿಹಾಕ್ಕೊಂಡು ಬಿದ್ದಿತ್ತು, ಬೆಳಿಗ್ಗೆ ನಾನು ಹೋಗೋ ಹೊತ್ತಿಗೆ ಕರು ಇಲ್ಲ, ತಾಯಿಯ ಹಿಂಗಾಲು ಸೋತಿತ್ತು. ನಿಮ್ಮಲ್ಲಿ 110 ದಿನ ಆಗಿದೆ, ಈಗಲೇ ಕೈ ಹಾಕಿಸಿ ನೋಡಿಸಿ. ಮಾಂಸದ ಗುಂಪಿನಲ್ಲಿ ಗಬ್ಬ ಸಿಕ್ರೆ ಎಷ್ಟು ದಿನದ್ದು ಅನ್ನೋದರ ಮೇಲೆ ಡಾಕ್ಟ್ರು ನಿರ್ಧಾರ ಮಾಡ್ತಾರೆ, ದಿನ ತುಂಬಾ ಮುಂದಕ್ಕೆ ಹೋಗಿದ್ರೆ ಇಳಿಸೋದು ಅಪಾಯ. ಗಬ್ಬ ಇಳಿಸೋ ಇಂಜೆಕ್ಷನ್ ಪ್ರೊಸ್ಟಗ್ಲ್ಯಾಂಡಿನ್, ಚರ್ಮದ ಮೂಲಕವೇ ಒಳಗೆ ಹೋಗುತ್ತೆ, ಬಸುರಿ ಹೆಂಗಸರು, ಅಸ್ತಮಾ ಇರೋರು ಅದನ್ನ ಮುಟ್ಟಲೇಬಾರದು.

ಆ ದಿನವೇ 20ಕ್ಕೆ ಸೊಂಟದ ಒಳ ಅಳತೆ (ಕರು ಹೊರಗೆ ಬರೋ ದಾರಿ) ತೆಗೆಸಿ. ಇಕ್ಕಟ್ಟು ಇರೋದನ್ನ ಮಾಂಸದ ಕಡೆ ಕಳಿಸಿ, ಎಷ್ಟೇ ಚಂದ ಇದ್ರೂ. ಐಬಿಆರ್, ಬಿವಿಡಿ (ಗಬ್ಬ ಕೆಡಿಸೋ ವೈರಸ್ ರೋಗಗಳು) ಲೈವ್ ಲಸಿಕೆ ಬಾಕಿ ಇದ್ರೆ ಬೀಜ ಹಾಕೋಕೆ ಕನಿಷ್ಠ ಒಂದು ತಿಂಗಳು ಮುಂಚೆ ಮುಗಿದಿರ್ಬೇಕು. ಕುಂಟ್ತಾ ಇರೋದನ್ನ ಇವತ್ತೇ ಬೇರೆ ಹಾಕಿ, ಬಿದ್ದಿರೋದರ ಮೇಲೇ ಮತ್ತೆ ಹತ್ತಿ ಕೊಲ್ಲುತ್ತವೆ.

ಮೆಲುಕು_ಮಾತು:
ಹಳೇಕೈ ಅಣ್ಣಾ ಒಂದು ಸಣ್ಣ ತಕರಾರು. ಶೇ. 65 ಆಗ್ಲೇಬೇಕು ಅಂತ ಹಿಡ್ಕೊಂಡಿರೋದು ಹಳೇ ಮಾತು, ಶೇ. 55ಕ್ಕೂ ಬೀಜ ಹಾಕಿ ಚೆನ್ನಾಗಿ ನಿಂತಿರೋದು ಎಷ್ಟೋ ಕಡೆ ಇದೆ, ಮೇವಿನ ಖರ್ಚು ಉಳಿಯುತ್ತೆ. ನಮ್ಮಲ್ಲಿ ನಾವು 56-57ರಲ್ಲೇ ಮಾಡ್ತೀವಿ.

ಹಳೇಕೈ:
ನಿಲ್ತವೆ, ಇಲ್ಲ ಅಂದಿಲ್ಲ. ಆದ್ರೆ ಅದು ತಳಿ ಮೇಲೆ. ಬೇಗ ಬೆದೆಗೆ ಬರೋ ತಳಿ, ಬೀಜ ಹಾಕಿದ ಮೇಲೆ ಈಯೋ ತನಕ ಒಳ್ಳೇ ಮೇವು, ಇವೆರಡೂ ಇದ್ರೆ 55 ಸಾಕು. ಡುಬ್ಬದ ತಳಿ ರಕ್ತ ಇರೋವು ತಡವಾಗಿ ಬೆದೆಗೆ ಬರ್ತವೆ, ಅವಕ್ಕೆ 55ಕ್ಕೇ ಬೀಜ ಹಾಕಿದ್ರೆ ಅರ್ಧ ಖಾಲಿ ಉಳೀತವೆ. ಮತ್ತೆ 55ರಲ್ಲಿ ಹಾಕಿದ್ದು ಈಯೋ ಹೊತ್ತಿಗೆ 85 ಮುಟ್ಟಬೇಕಲ್ಲಪ್ಪ, ಉಳಿಸಿದ ಮೇವು ಆಮೇಲೆ ಹಾಕ್ಬೇಕು. ಹೆಂಗಿದ್ರೂ ಇವನ ಕಡಸುಗಳು 60 ದಾಟಿಬಿಟ್ಟಿವೆ, ಈ ಜಗಳ ಇನ್ನೊಂದು ಥ್ರೆಡ್‌ನಲ್ಲಿ ಆಡೋಣ 😄

ಹೊಸಗೋದಲಿ:
ಎಲ್ರಿಗೂ ಥ್ಯಾಂಕ್ಸ್, ಓದಿ ಓದಿ ತಲೆ ಬಿಸಿ ಆಯ್ತು ಆದ್ರೆ ಅರ್ಥ ಆಯ್ತು. ತಾಯಂದಿರ ತೂಕ ಕೇಳಿದೆ, 550 ರಿಂದ 570 ಅಂತೆ, ಅಣ್ಣ ಹೇಳಿದ 560 ಹೆಚ್ಚುಕಮ್ಮಿ ಸರಿ. ಬೆಳಿಗ್ಗೆ ಆರಕ್ಕೆ ಹೋಗಿ ಗೋದಲಿ ನೋಡಿದೆ, ನಿಜವಾಗ್ಲೂ ಹೊಳೀತಿತ್ತು, ಮುಖ ಕಾಣೋದೊಂದು ಬಾಕಿ. ಗಬ್ಬದ ಮಾತು ಕೇಳಿ ಎದೆ ಧಸಕ್ ಅಂತು, ಎರಡಕ್ಕೆ ಹೊಟ್ಟೆ ಇದೆ, ನಾನು ಚೆನ್ನಾಗಿ ತಿಂತಾವೆ ಅಂದ್ಕೊಂಡಿದ್ದೆ. ಡಾಕ್ಟ್ರಿಗೆ ಹೇಳಿದೀನಿ.

ಇನ್ನೆರಡೇ ಪ್ರಶ್ನೆ. ಮಾಂಸದ ಗುಂಪಿಗೆ ಡಿಸ್ಟಿಲರ್ಸ್ ಎಷ್ಟರ ತನಕ ಹಾಕ್ಬಹುದು, ನನಗೆ ಅದು ಸುಲಭಕ್ಕೆ ಸಿಗುತ್ತೆ. ಮತ್ತೆ 20ನ್ನ ಹುಲ್ಲುಗಾವಲಿಗೆ ಯಾವಾಗ ಬಿಡ್ಲಿ? ಬೀಜ ಹಾಕಿಸಿದ ದಿನವೇ ಸಾಯಂಕಾಲ ಬಿಟ್ಟುಬಿಡೋಣ ಅಂತಿದ್ದೆ, ಹೇಗಿದ್ರೂ ಹಿಡಿದಿರ್ತೀವಲ್ಲ.

ಗೋದಲಿಕಾವಲು:
ಡಿಸ್ಟಿಲರ್ಸ್ ಒಣ ಅಂಶದ ಶೇ. 20-25 ತನಕ ಹಾಕಿ, ಅದರ ಮೇಲೆ ಹೋಗೋಕೆ ಮುಂಚೆ ಗಂಧಕ ಟೆಸ್ಟ್ ಮಾಡಿಸಿ. ಒಟ್ಟು ಮೇವಲ್ಲಿ ಗಂಧಕ ಶೇ. 0.4 ದಾಟಿದ್ರೆ ಮಿದುಳಿಗೆ ಹೊಡೆಯುತ್ತೆ, ಕಣ್ಣು ಕಾಣದೆ ಗೋಡೆಗೆ ತಲೆ ಒತ್ತಿ ನಿಂತುಬಿಡ್ತವೆ. ಬೋರ್ ನೀರಲ್ಲೂ ಸಲ್ಫೇಟ್ ಇರುತ್ತೆ, ಅದೂ ಲೆಕ್ಕಕ್ಕೆ ಬರುತ್ತೆ, ಜನ ಮರೀತಾರೆ. ಡಿಸ್ಟಿಲರ್ಸ್‌ನಲ್ಲಿ ರಂಜಕ ಜಾಸ್ತಿ ಸುಣ್ಣ ಕಮ್ಮಿ, ಆದ್ದರಿಂದ ಸುಣ್ಣದಕಲ್ಲಿನ ಪುಡಿ ಸೇರಿಸಿ ಕ್ಯಾಲ್ಸಿಯಂ ರಂಜಕದ ಒಂದೂವರೆ ಎರಡು ಪಟ್ಟು ಇರೋ ಹಾಗೆ ನೋಡ್ಕೊಳ್ಳಿ. ಅದು ಹಾಕ್ತಿರುವಾಗ ಯೂರಿಯಾ ಬೇಡ, ಪ್ರೊಟೀನ್ ಆಗಲೇ ಮೇಲಿರುತ್ತೆ. ಮೊನೆನ್ಸಿನ್ (ಮೇವಿಗೆ ಬೆರೆಸೋ ಒಂದು ಔಷಧಿ) ಬಳಸೋದಾದ್ರೆ ಎರಡೂ ಗುಂಪಿಗೆ ಒಳ್ಳೇದೇ, ಮೇವು ಚೆನ್ನಾಗಿ ಮೈಗೆ ಹತ್ತುತ್ತೆ, ರಕ್ತಭೇದಿ ತರೋ ಕಾಕ್ಸಿಡಿಯಾ ತಡೆಯುತ್ತೆ. ಕುದುರೆ ಏನಾದ್ರೂ ಸಾಕಿದ್ರೆ ಅದು ಆ ಮೇವಿನ ಹತ್ರ ಸುಳೀಬಾರದು, ಸ್ವಲ್ಪ ತಿಂದ್ರೂ ಸಾಯುತ್ತೆ.

ಸೈಲೇಜ್ ಒದ್ದೆ ಎಷ್ಟು ಅಂತ ವಾರಕ್ಕೊಮ್ಮೆ ನೋಡಿ. 200 ಗ್ರಾಂ ತಗೊಂಡು ಮೈಕ್ರೋವೇವ್‌ನಲ್ಲಿ ಪಕ್ಕದಲ್ಲಿ ಒಂದು ಲೋಟ ನೀರಿಟ್ಟು ಸ್ವಲ್ಪ ಸ್ವಲ್ಪ ಹೊತ್ತು ಒಣಗಿಸಿ, ತೂಕ ಇಳಿಯೋದು ನಿಂತಾಗ ಉಳಿದಿದ್ದು 70 ಗ್ರಾಂ ಅಂದ್ರೆ ಶೇ. 35 ಒಣ ಅಂಶ. ಮಳೆ ಬಿದ್ದ ವಾರ ಅದು 28ಕ್ಕೆ ಇಳಿದಿರುತ್ತೆ, ನೀವು ಅದೇ ಬುಟ್ಟಿ ಲೆಕ್ಕ ಹಾಕ್ತಿದ್ರೆ ದನಕ್ಕೆ ನೀರು ತಿನ್ನಿಸಿದ ಹಾಗೆ. ಮನೆಯಲ್ಲಿ ಅಡುಗೆ ಮಾಡೋ ಮೈಕ್ರೋವೇವ್ ಬೇಡ, ವಾಸನೆ ಹೋಗಲ್ಲ, ಅನುಭವದ ಮಾತು, ಮೂರು ದಿನ ಮನೇಲಿ ಯಾರೂ ನನ್ನ ಜೊತೆ ಮಾತಾಡಿರಲಿಲ್ಲ.

ಕೊಟ್ಟಿಗೆಡಾಕ್ಟ್ರು:
ಬೀಜ ಹಾಕಿದ ಸಾಯಂಕಾಲ ಹುಲ್ಲಿಗೆ ಬಿಡೋದು ಬೇಡ, ಇಷ್ಟೆಲ್ಲಾ ಮಾಡಿ ಕೊನೆಗೆ ಅಲ್ಲೇ ಕಳ್ಕೊಳ್ತೀರಿ. ಗೋದಲಿಯಲ್ಲಿ ಬೆಳೆದ ಕಡಸಿಗೆ ಮೇಯೋದೇ ಗೊತ್ತಿರಲ್ಲ. ಹುಲ್ಲು ಮೊಣಕಾಲುದ್ದ ಇದ್ರೂ ಬೇಲಿ ಪಕ್ಕ ಓಡಾಡ್ಕೊಂಡು, ಟ್ರ್ಯಾಕ್ಟರ್ ಸದ್ದು ಕೇಳಿದ ಕಡೆ ಮುಖ ಮಾಡಿ ಕೂಗ್ತಾ ನಿಲ್ತವೆ. ಮೊದಲ ವಾರ ತೂಕ ಇಳಿಯುತ್ತೆ. ಬೀಜ ಹಾಕಿ ಎರಡು ವಾರದ ಆಸುಪಾಸು ಅಂದ್ರೆ ಒಳಗೆ ಭ್ರೂಣ ತಾನಿದ್ದೀನಿ ಅಂತ ತಾಯಿ ಮೈಗೆ ತಿಳಿಸ್ಬೇಕಾದ ಹೊತ್ತು, ಆಗ ಮೇವು ಕಮ್ಮಿ ಆದ್ರೆ ಮತ್ತೆ ಬೆದೆಗೆ ಬರ್ತವೆ. ಒಂದೋ ಬೀಜ ಹಾಕೋಕೆ ಒಂದು ತಿಂಗಳು ಮುಂಚೆನೇ ಬಿಟ್ಟು ಅಭ್ಯಾಸ ಮಾಡಿಸಿ, ಗುಂಪಲ್ಲಿ ಮೇಯೋಕೆ ಬರೋ ಒಂದೆರಡು ಹಳೇ ಹಸು ಸೇರಿಸಿ. ಇಲ್ಲಾ ಅಂದ್ರೆ ಬೀಜ ಹಾಕಿದ ಮೇಲೂ ಅದೇ ಗೋದಲಿ ಅದೇ ಮೇವು, 45 ದಿನ ಕಳೆದ ಮೇಲೆ ಬಿಡಿ. ಬರೀ ಲಾರಿಯಲ್ಲಿ ದೂರ ಸಾಗಿಸೋದಾದ್ರೆ ಲೆಕ್ಕ ಸ್ವಲ್ಪ ಬೇರೆ, ಬೀಜ ಹಾಕಿದ ಮೊದಲ ನಾಲ್ಕು ದಿನದೊಳಗೆ, ಇಲ್ಲ 45 ದಿನ ಆದ್ಮೇಲೆ.

ಹಳೇಕೈ:
ಮಾಂಸದ ಗುಂಪಿಗೆ ಒಂದು ಮಾತು ಬಿಟ್ಟಿದ್ದೆ. ಕಡಸು ಕಸಿ ಮಾಡಿದ ಹೋರಿಗಿಂತ ಬೇಗ, ಕಮ್ಮಿ ತೂಕಕ್ಕೇ ಕೊಬ್ಬು ಕಟ್ಟುತ್ತೆ. ಹೋರಿ ತೂಕ ಬರಲಿ ಅಂತ ಕಾಯ್ತಾ ಕೂತ್ರೆ ಕೊನೆ ಒಂದೂವರೆ ತಿಂಗಳು ನೀನು ಹಾಕೋ ಮೇವೆಲ್ಲಾ ಕತ್ತರಿಸಿ ಬಿಸಾಕೋ ಕೊಬ್ಬಾಗುತ್ತೆ. ಬಾಲದ ಬುಡದಲ್ಲಿ ಎರಡೂ ಕಡೆ ಮೆತ್ತಗೆ ಉಂಡೆ ಸಿಗೋಕೆ ಶುರುವಾದ್ರೆ ದಿನ ಹತ್ರ ಬಂತು ಅಂತ. ಎಲ್ಲಾ ಒಂದೇ ದಿನ ರೆಡಿ ಆಗಲ್ಲ, ಎರಡು ಮೂರು ಕಂತಲ್ಲಿ ಕಳಿಸು.

ಹೊಸಗೋದಲಿ:
ಎರಡು ವಾರ ಆದ್ಮೇಲೆ ಅಪ್‌ಡೇಟ್ ಕೊಡ್ತಿದೀನಿ. ಡಾಕ್ಟ್ರು ಎಲ್ಲಾ 64ಕ್ಕೂ ಕೈ ಹಾಕಿದ್ರು, ಗಬ್ಬ ಇದ್ದಿದ್ದು ಮೂರು! ಹೊಟ್ಟೆ ಇದ್ದ ಎರಡರಲ್ಲಿ ಒಂದು ಗಬ್ಬ, ಇನ್ನೊಂದು ಬರೀ ಹೊಟ್ಟೆಬಾಕ, ಮಿಕ್ಕ ಎರಡು ನಾನು ಅನುಮಾನವೇ ಪಟ್ಟಿರಲಿಲ್ಲ. ಒಂದು ನಾನು ಹಸು ಮಾಡ್ಕೊಳ್ಳೋಕೆ ಅಂತ ಮೊದಲೇ ಆರಿಸಿಟ್ಟಿದ್ದ ಟ್ಯಾಗ್ 31, ಐದು ತಿಂಗಳು ಅಂತ ಹೇಳಿದ್ರು, ಅಂದ್ರೆ ಇಲ್ಲಿಗೆ ಬರುವಾಗಲೇ ನಿಂತಿತ್ತು. ಮೂರನ್ನೂ ಬೇರೆ ಹಾಕಿ, ರಾತ್ರಿ ನೋಡೋ ಹಾಗೆ ಮನೆ ಹತ್ರದ ಪೆನ್‌ನಲ್ಲಿಟ್ಟಿದೀನಿ. ಸಣ್ಣ 12 ಬೇರೆ ಮಾಡಿದ ಮೂರನೇ ದಿನವೇ ಗೋದಲಿಗೆ ಓಡಿ ಬರ್ತಿವೆ, ಮೊದಲು ಅವು ಓಡೋದೇ ನೋಡಿರಲಿಲ್ಲ ನಾನು. ಪುಸ್ತಕದಲ್ಲಿ ಇಲ್ಲೀವರೆಗೆ 9 ನಂಬರ್ ಬರೆದಿದೀನಿ. ಸೊಂಟದ ಅಳತೆಯಲ್ಲಿ ಎರಡು ಫೇಲ್, ಅದರಲ್ಲಿ ಒಂದು ನನ್ನ ಮಗಳು ಹೆಸರಿಟ್ಟಿರೋದು, ಅದನ್ನ ಮಾಂಸದ ಕಡೆ ಕಳಿಸ್ತೀನಿ ಅಂತ ಮನೇಲಿ ಇನ್ನೂ ಹೇಳಿಲ್ಲ.

ಕೊಟ್ಟಿಗೆಡಾಕ್ಟ್ರು:
31ಕ್ಕೆ ಇನ್ನು ನಾಲ್ಕು ತಿಂಗಳು ಇದೆ, 20ರ ಮೇವನ್ನೇ ಹಾಕಿ, ಮೆಕ್ಕೆಜೋಳದ ನುಚ್ಚು ತೋರಿಸಲೇಬೇಡಿ. ಅದು ಇನ್ನೂ ತಾನೇ ಬೆಳೀತಿರೋ ಮಗು. ಕೊನೆ ತಿಂಗಳು ವಾರಕ್ಕೊಮ್ಮೆ ಡಾಕ್ಟ್ರಿಗೆ ತೋರಿಸಿ, ಸಿಸೇರಿಯನ್ ಬೇಕಾದ್ರೆ ರಾತ್ರಿ ಬರೋಕೆ ಆಗುತ್ತಾ ಅಂತ ಈಗಲೇ ಕೇಳಿಟ್ಟುಕೊಳ್ಳಿ.